ಮೊದಲ ತಾಸು ಕಾರಟಗಿಯಲ್ಲೇ ಇದೆ: ಮಹಾಮಾರಿಯ ನಂತರದ ಹೃದಯ ಚಿಕಿತ್ಸೆ ಕುರಿತು ಓದುಗರಿಗೆ ಉತ್ತರ

ಪ್ರಶ್ನೆ: ನಾವು ಕಾರಟಗಿ ಸಮೀಪದ ಹಳ್ಳಿಯವರು, ಭತ್ತ ಬೆಳೆಯುವವರು. 2020ರ ಜೂನ್ ತಿಂಗಳಲ್ಲಿ ನಮ್ಮ ತಂದೆಯವರಿಗೆ ರಾತ್ರಿ ಎದೆನೋವು ಬಂತು. ಆಗ ಅವರಿಗೆ 54 ವರ್ಷ. ಆಸ್ಪತ್ರೆಗೆ ಹೋದರೆ ಕೊರೊನಾ ವಾರ್ಡಿಗೆ ಹಾಕುತ್ತಾರೆಂಬ ಭಯದಿಂದ ಗ್ಯಾಸ್ ಮಾತ್ರೆ ಕೊಟ್ಟು ಮನೆಯಲ್ಲೇ ಮಲಗಿಸಿದೆವು. ಆಸ್ಪತ್ರೆ ಮುಟ್ಟುವ ಹೊತ್ತಿಗೆ 14 ತಾಸು ಕಳೆದಿತ್ತು. ಸ್ಟೆಂಟ್ ಹಾಕಿದರು, ಆದರೆ ಪಂಪಿಂಗ್ ಶೇ 35ಕ್ಕೆ ನಿಂತಿದೆ. 31 ವರ್ಷದ ತಮ್ಮನಿಗೆ 2021ರಲ್ಲಿ ಕೊರೊನಾ ಬಂದಿತ್ತು, ಲಸಿಕೆಯೂ ಆಗಿದೆ. ಈಗ ಎದೆ ಡವಡವ ಎನ್ನುತ್ತದೆಂದು ಹೆದರುತ್ತಾನೆ. ಇಂಥ ರೋಗ ಮತ್ತೊಮ್ಮೆ ಬಂದರೆ ನಮ್ಮಂಥವರಿಗೆ ಹೃದಯದ ಚಿಕಿತ್ಸೆ ಹೇಗೆ ಸಿಗುತ್ತದೆ? ಫೋನಿನಲ್ಲಿ ತೋರಿಸಿಕೊಂಡರೆ ಸಾಕೇ? ಹುಬ್ಬಳ್ಳಿಗೋ ಹೈದರಾಬಾದಿಗೋ ಹೋಗಿ ನೆಲೆಸುವುದು ಒಳ್ಳೆಯದೇ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿದ್ದರೂ, ಬಳ್ಳಾರಿಯಲ್ಲಿ ಕುಳಿತು ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳ ಹೃದ್ರೋಗಿಗಳನ್ನು ಬಹಳ ವರ್ಷಗಳಿಂದ ನೋಡುತ್ತಿರುವ ನನಗೆ ಅವೆಲ್ಲದರ ಬುಡ ಆ 14 ತಾಸಿನಲ್ಲೇ ಕಾಣುತ್ತದೆ. ಹೃದಯದ ರಕ್ತನಾಳವೊಂದು ಹೆಪ್ಪುಗಟ್ಟಿದ ರಕ್ತದಿಂದ ಪೂರ್ತಿ ಮುಚ್ಚಿಕೊಂಡರೆ 20-30 ನಿಮಿಷಗಳಲ್ಲಿ ಅದರ ಮುಂದಿನ ಸ್ನಾಯು ಸಾಯತೊಡಗುತ್ತದೆ. ಸಾವು ಒಳಪದರದಿಂದ ಹೊರಪದರಕ್ಕೆ ಹಬ್ಬುತ್ತ ಹೋಗಿ, ಆರು ತಾಸು ಕಳೆಯುವಷ್ಟರಲ್ಲಿ ಉಳಿಸಿಕೊಳ್ಳಬಹುದಾಗಿದ್ದ ಸ್ನಾಯುವಿನ ಬಹುಪಾಲು ಹೋಗಿರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪೈರು ಒಣಗಿದ ಮೇಲೆ ತೂಬು ಎತ್ತಿದರೆ ನೆಲ ತಣಿದೀತು, ಪೈರು ಏಳುವುದಿಲ್ಲ. ನಿಮ್ಮ ತಂದೆಯವರಿಗೆ ಹಾಕಿದ ಸ್ಟೆಂಟ್ ರಕ್ತನಾಳವನ್ನು ತೆರೆದಿದೆ, ಆದರೆ ಅಷ್ಟರೊಳಗೆ ಸತ್ತಿದ್ದ ಸ್ನಾಯುವನ್ನು ಅದು ಮರಳಿ ತರಲಾರದು. ಪಂಪಿಂಗ್, ಅಂದರೆ ಪ್ರತಿ ಬಡಿತಕ್ಕೆ ಹೃದಯ ಹೊರದೂಡುವ ರಕ್ತದ ಪಾಲು, ಶೇ 35ಕ್ಕೆ ನಿಂತಿರುವುದು ಇದರಿಂದ.

ಇದನ್ನು ನಿಮ್ಮ ಮನೆಯವರ ತಪ್ಪೆಂದು ಬಗೆಯಬೇಡಿ. 2020ರ ಮಾರ್ಚ್ ಮಧ್ಯದಿಂದ ಜೂನ್ ಮಧ್ಯದವರೆಗೆ ದೇಶದ 187 ಆಸ್ಪತ್ರೆಗಳ ದಾಖಲೆಗಳನ್ನು ಹೃದ್ರೋಗ ತಜ್ಞರು ಪರಿಶೀಲಿಸಿದಾಗ, ಹೃದಯಾಘಾತವಾಗಿ ದಾಖಲಾದವರ ಸಂಖ್ಯೆ ಹಿಂದಿನ ವರ್ಷದ ಅದೇ ಅವಧಿಗಿಂತ ಶೇ 35.4ರಷ್ಟು ಕಡಿಮೆಯಾಗಿದ್ದುದು ಕಂಡುಬಂತು. ಮನೆಯಲ್ಲಿ ವಿಶ್ರಾಂತಿ ಸಿಕ್ಕಿದ್ದರಿಂದ ಆಘಾತಗಳೇ ಕಡಿಮೆಯಾದವೆಂದು ಆಗ ವಾದಿಸಿದವರಿದ್ದರು. ಅದರಲ್ಲಿ ಒಂದಿಷ್ಟು ನಿಜವಿದ್ದರೂ ಇರಬಹುದು, ಆದರೆ ಮುಂದಿನ ಚಳಿಗಾಲದಲ್ಲಿ ಎಕೋ ಪರೀಕ್ಷೆಗೆ ಬಂದವರ ಹೃದಯದಲ್ಲಿ ಹಳೆಯ ಆಘಾತದ ಗುರುತು ಕಂಡು ‘ಯಾವಾಗ ಎದೆ ನೋವಾಗಿತ್ತು?’ ಎಂದು ಕೇಳಿದರೆ, ‘ಲಾಕ್‌ಡೌನ್‌ದಾಗ ಒಂದಿನ ಭಾಳ ಗ್ಯಾಸ್ ಆಗಿತ್ರಿ’ ಎಂಬ ಉತ್ತರವನ್ನು ನಾನು ಎಷ್ಟೋ ಬಾರಿ ಕೇಳಿದ್ದೇನೆ.

ವಿಳಂಬ ಮನೆಯಲ್ಲಷ್ಟೇ ಆಗಲಿಲ್ಲ ಎಂಬುದನ್ನೂ ಹೇಳಬೇಕು. ಆ ದಿನಗಳಲ್ಲಿ ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ, ಗಂಟಲು ದ್ರವದ ಪರೀಕ್ಷೆಯ ಫಲಿತಾಂಶ ಬರುವ ತನಕ ಯಾರನ್ನೂ ಹೃದಯದ ರಕ್ತನಾಳ ತೆರೆಯುವ ಕೋಣೆಯಾದ ಕ್ಯಾತ್ ಲ್ಯಾಬಿಗೆ ಒಯ್ಯಬಾರದೆಂಬ ನಿಯಮವಿತ್ತು, ಆ ನಿಯಮಕ್ಕೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಸಿರುಗುಪ್ಪ ಕಡೆಯಿಂದ ಬಂದ ಒಬ್ಬ ರೋಗಿ ಮೂರು ತಾಸು ಆಂಬುಲೆನ್ಸಿನಲ್ಲೇ ಇದ್ದರು. ಫಲಿತಾಂಶ ನೆಗೆಟಿವ್ ಬಂತು. ಅವರು ಬದುಕಿಯೂ ಉಳಿದರು, ಆದರೆ ಈಗ ಹತ್ತು ಮೆಟ್ಟಿಲು ಹತ್ತಿದರೆ ನಿಂತು ಉಸಿರು ತೆಗೆದುಕೊಳ್ಳುತ್ತಾರೆ. ಅವರು ಬಂದ ತಕ್ಷಣ ಆಂಬುಲೆನ್ಸಿನಲ್ಲೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು, ಪರೀಕ್ಷೆಯನ್ನು ಆಮೇಲೆ ಮಾಡಬಹುದಿತ್ತು. ಹೃದಯದ ಚಿಕಿತ್ಸೆಯಲ್ಲಿ ಮುಂದೆ ಏನು ಬದಲಾಗಬೇಕೆಂದು ನೀವು ಕೇಳಿದ್ದಕ್ಕೆ ನನ್ನ ಮುಖ್ಯ ಉತ್ತರ ಇಲ್ಲಿಂದಲೇ ಹೊರಡುತ್ತದೆ.

ದೊಡ್ಡ ನಗರಗಳಲ್ಲಿ ಹೃದಯಾಘಾತಕ್ಕೆ ಮೊದಲ ಚಿಕಿತ್ಸೆ ಆಂಜಿಯೋಪ್ಲಾಸ್ಟಿ. ರೋಗಿ ಬಾಗಿಲಿಗೆ ಬಂದ 90 ನಿಮಿಷಗಳೊಳಗೆ ಬಲೂನಿನಿಂದ ರಕ್ತನಾಳ ತೆರೆಯಬೇಕೆಂಬುದು ಅಲ್ಲಿನ ಅಳತೆ. ಮಹಾಮಾರಿ ಬಂದಾಗ ಈ ಅಳತೆ ಮುರಿದುಬಿತ್ತು. ರಕ್ಷಾಕವಚ ತೊಡಬೇಕು, ಒಬ್ಬ ರೋಗಿಯ ನಂತರ ಕೋಣೆಯನ್ನು ತೊಳೆದು ಗಾಳಿಯಾಡಿಸಬೇಕು, ಸಿಬ್ಬಂದಿಯಲ್ಲಿ ಅರ್ಧ ಜನ ಕ್ವಾರಂಟೈನಿನಲ್ಲಿರುತ್ತಿದ್ದರು. ಹೀಗಾಗಿ ಚೀನಾದ ತಜ್ಞರು 2020ರ ಆರಂಭದಲ್ಲೇ ‘ಮೊದಲು ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಿ’ ಎಂಬ ಸಲಹೆ ಕೊಟ್ಟರು, ನಮ್ಮ ದೇಶದ ಅನೇಕ ಕ್ಯಾತ್ ಲ್ಯಾಬ್‌ಗಳೂ ಅದೇ ದಾರಿ ಹಿಡಿದವು. ಅನಿವಾರ್ಯವಾಗಿ ಒಂದು ಮೆಟ್ಟಿಲು ಕೆಳಗಿಳಿದೆವು ಎಂಬ ಭಾವನೆ ನಗರದ ವೈದ್ಯರಲ್ಲಿತ್ತು. ಸಿಂಧನೂರು, ಕುಷ್ಟಗಿ, ಮಾನ್ವಿಗಳಂಥ ಊರುಗಳಿಗೆ ಮಾತ್ರ ಅದು ಮಹಾಮಾರಿ ಬರುವುದಕ್ಕಿಂತ ಹತ್ತು ವರ್ಷ ಮೊದಲೇ ಸರಿಯಾದ ಚಿಕಿತ್ಸೆಯಾಗಿತ್ತು. ಸಿಂಧನೂರಿನಿಂದ ರಾಯಚೂರು ಸುಮಾರು 90 ಕಿಲೋಮೀಟರ್. ಎದೆನೋವಿನ ರೋಗಿಯನ್ನು ಅಲ್ಲಿಗೋ ಬಳ್ಳಾರಿಗೋ ಸಾಗಿಸಿ ಬಲೂನು ಹಾಕುವಷ್ಟರಲ್ಲಿ 90 ನಿಮಿಷ ಎಂದೋ ಮುಗಿದಿರುತ್ತದೆ.

ಈ ಮಾತಿಗೆ ಗಟ್ಟಿ ಆಧಾರವಿದೆ. 2013ರಲ್ಲಿ ಪ್ರಕಟವಾದ ‘ಸ್ಟ್ರೀಮ್’ ಎಂಬ ಅಂತರರಾಷ್ಟ್ರೀಯ ಅಧ್ಯಯನದಲ್ಲಿ, ನೋವು ಶುರುವಾಗಿ ಮೂರು ತಾಸಿನೊಳಗೆ ಬಂದ, ಆದರೆ ಒಂದು ತಾಸಿನೊಳಗೆ ಆಂಜಿಯೋಪ್ಲಾಸ್ಟಿ ಸಿಗುವಂತಿರದ 1,892 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಕೊಟ್ಟು ಮರುದಿನದೊಳಗೆ ಆಂಜಿಯೋಗ್ರಾಂ ಮಾಡಿದರು, ಇನ್ನೊಂದು ಗುಂಪನ್ನು ನೇರವಾಗಿ ಆಂಜಿಯೋಪ್ಲಾಸ್ಟಿಗೆ ಒಯ್ದರು. ಒಂದು ತಿಂಗಳ ನಂತರ ಎರಡೂ ಗುಂಪುಗಳ ಸ್ಥಿತಿ ಹೆಚ್ಚುಕಡಿಮೆ ಒಂದೇ ಇತ್ತು. ಇಂಜೆಕ್ಷನ್ ಪಡೆದವರಲ್ಲಿ ಮಿದುಳಿನ ರಕ್ತಸ್ರಾವ ಸ್ವಲ್ಪ ಹೆಚ್ಚಿದ್ದುದರಿಂದ 75 ವರ್ಷ ದಾಟಿದವರಿಗೆ ಅರ್ಧ ಪ್ರಮಾಣ ಕೊಡುವ ಪದ್ಧತಿ ಬಂತು. ಗಮನಿಸಬೇಕಾದ ಇನ್ನೊಂದು ಅಂಶವೆಂದರೆ, ಇಂಜೆಕ್ಷನ್ ಪಡೆದ ಪ್ರತಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಅದು ಸಾಲದೆ ತುರ್ತಾಗಿ ಆಂಜಿಯೋಗ್ರಾಂ ಬೇಕಾಯಿತು. ಆದ್ದರಿಂದ ಇಂಜೆಕ್ಷನ್ ಕೊಟ್ಟು ತಾಲ್ಲೂಕು ಆಸ್ಪತ್ರೆಯಲ್ಲೇ ಎರಡು ದಿನ ಮಲಗಿಸುವುದು ಚಿಕಿತ್ಸೆಯಾಗುವುದಿಲ್ಲ. ಇಂಜೆಕ್ಷನ್ ಕೊಟ್ಟ ಕೂಡಲೇ ದೊಡ್ಡ ಆಸ್ಪತ್ರೆಯ ಕಡೆ ಹೊರಡಬೇಕು. ಪಕ್ಕದ ತಮಿಳುನಾಡಿನಲ್ಲಿ ಹೀಗೆ ಸಣ್ಣ ಆಸ್ಪತ್ರೆಗಳನ್ನು ದೊಡ್ಡ ಆಸ್ಪತ್ರೆಗೆ ಜೋಡಿಸಿ 2,420 ರೋಗಿಗಳ ಮೇಲೆ ನಡೆಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಒಂದು ವರ್ಷದೊಳಗಿನ ಸಾವು ಶೇ 17.6ರಿಂದ ಶೇ 14.2ಕ್ಕೆ ಇಳಿದಿತ್ತು.

ಕರ್ನಾಟಕದಲ್ಲಿ ಇದೇ ಮಾದರಿಯ ಯೋಜನೆ 2023ರಲ್ಲಿ ಬಂತು. 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿನಲ್ಲಿ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಸರ್ಕಾರ ಅದನ್ನು ‘ಹೃದಯ ಜ್ಯೋತಿ’ ಎಂದು ಕರೆದಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದರೆ ಅದು ಇಂಟರ್‌ನೆಟ್ ಮೂಲಕ ತಜ್ಞರಿಗೆ ತಲುಪುತ್ತದೆ, ಕೃತಕ ಬುದ್ಧಿಮತ್ತೆಯ ತಂತ್ರಾಂಶ ಮೊದಲ ನೋಟ ನೋಡಿ ಅಪಾಯದ ಗುರುತಿದ್ದರೆ ಎಚ್ಚರಿಸುತ್ತದೆ, ಹೌದೆಂದಾದರೆ ಸಾವಿರಾರು ರೂಪಾಯಿ ಬೆಲೆಯ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಇದಕ್ಕಿಂತ ಮೊದಲೇ ಮಂಗಳೂರಿನ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಯ ಆಸ್ಪತ್ರೆಗಳಿಗೆ ಇಸಿಜಿ ಯಂತ್ರ ಕೊಡಿಸಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅದರ ಚಿತ್ರ ನೋಡಿ ಸಲಹೆ ಕೊಡುವ ಕೆಲಸ ಆರಂಭಿಸಿದ್ದರು. ವಾಟ್ಸ್‌ಆ್ಯಪ್ಪಿನಲ್ಲಿ ಬರುವ ಇಸಿಜಿ ಎಂದರೆ ಹೇಗಿರುತ್ತದೆಂದು ನಿಮಗೊಮ್ಮೆ ತೋರಿಸಬೇಕಿತ್ತು. ಬೆಳಗಿನ ಜಾವ ಐದಕ್ಕೆ ಫೋನು ಕುಯ್ಯೆನ್ನುತ್ತದೆ. ಚಿತ್ರದಲ್ಲಿ ಕೆಂಪು ಚೌಕುಳಿಯ ಉದ್ದನೆಯ ಕಾಗದ, ಅದರ ಒಂದು ತುದಿಯನ್ನು ಹಿಡಿದ ಹೆಬ್ಬೆರಳಿನ ನೆರಳು ಎದೆಯ ಮೂರನೆಯ ಗೆರೆಯ ಮೇಲೇ ಬಿದ್ದಿರುತ್ತದೆ, ನನಗೆ ಬೇಕಾದದ್ದು ಅದೇ ಗೆರೆ. ‘ಸಿಸ್ಟರ್, ಕಾಗದವನ್ನು ಟೇಬಲ್ ಮೇಲಿಟ್ಟು ಮತ್ತೊಮ್ಮೆ ತೆಗೆಯಿರಿ’ ಎಂದು ಬರೆದರೆ ಒಂದು ನಿಮಿಷದಲ್ಲಿ ಚೊಕ್ಕ ಚಿತ್ರ ಬರುತ್ತದೆ. ನೋಡಿ ‘ಕೊಡಿ’ ಎಂದು ಬರೆಯಲು ಅರ್ಧ ನಿಮಿಷ. ಮಹಾಮಾರಿಗಿಂತ ಮೊದಲು ಆ ‘ಕೊಡಿ’ ಎಂಬ ಮಾತನ್ನು ಫೋನಿನಲ್ಲಿ ಹೇಳಲು ನಾವು ಹಿಂಜರಿಯುತ್ತಿದ್ದೆವು. ರೋಗಿಯನ್ನು ಮುಟ್ಟಿ ನೋಡದೆ ಸಲಹೆ ಕೊಡುವುದು ಕಾನೂನಿಗೆ ಸರಿಯೇ ಎಂಬ ಸಂಶಯವಿತ್ತು. ಕೇಂದ್ರ ಸರ್ಕಾರ 2020ರ ಮಾರ್ಚ್ 25ರಂದು, ಲಾಕ್‌ಡೌನ್ ಆರಂಭವಾದ ದಿನವೇ, ದೂರವೈದ್ಯದ ಮಾರ್ಗಸೂಚಿ ಹೊರಡಿಸಿ ಆ ಸಂಶಯವನ್ನು ಕಳೆಯಿತು.

ಯೋಜನೆ ಬಂದ ಮಾತ್ರಕ್ಕೆ ಎಲ್ಲವೂ ಸರಿಹೋಗಿದೆ ಎನ್ನಲಾರೆ. ಇಸಿಜಿ ಕಾಗದದ ಸುರುಳಿ ಮುಗಿದು ವಾರವಾಗಿದ್ದ ಆಸ್ಪತ್ರೆಯನ್ನು ನಾನು ಕಂಡಿದ್ದೇನೆ. ರಾತ್ರಿಪಾಳಿಯ ಹೊಸ ವೈದ್ಯರು ರಕ್ತಸ್ರಾವವಾದೀತೆಂದು ಹೆದರಿ ಇಂಜೆಕ್ಷನ್ ಕೊಡದೆ ಮುಂದಿನ ಆಸ್ಪತ್ರೆಗೆ ಬರೆದುಕೊಟ್ಟದ್ದನ್ನೂ ಕಂಡಿದ್ದೇನೆ. ಅವರ ಹೆದರಿಕೆ ಅರ್ಥವಾಗುವಂಥದ್ದೇ, ಏಕೆಂದರೆ ನೂರರಲ್ಲಿ ಒಬ್ಬರಿಗೆ ಮಿದುಳಿನಲ್ಲಿ ರಕ್ತಸ್ರಾವವಾಗುವ ಸಂಭವ ನಿಜವಾಗಿಯೂ ಇದೆ, ಹಾಗೆ ಆದರೆ ಬಾಗಿಲ ಬಳಿ ಜನ ಸೇರುತ್ತಾರೆ. ಕೊಡದೆ ಬಿಟ್ಟದ್ದರಿಂದ ಸತ್ತವರಿಗಾಗಿ ಮಾತ್ರ ಯಾರೂ ಬಂದು ಗಲಾಟೆ ಮಾಡುವುದಿಲ್ಲ.

ಈಗ ಫೋನಿನಲ್ಲಿ ತೋರಿಸಿಕೊಳ್ಳುವ ಪ್ರಶ್ನೆಗೆ ಬರುತ್ತೇನೆ. 2020ರ ಏಪ್ರಿಲ್‌ನಲ್ಲಿ ಆರಂಭವಾದ ಸರ್ಕಾರದ ಇ-ಸಂಜೀವಿನಿಯ ಹೊರರೋಗಿ ಸೇವೆಯಿಂದ ಹಿಡಿದು ಖಾಸಗಿ ವೈದ್ಯರ ವಿಡಿಯೋ ಕರೆಯವರೆಗೆ ಈ ಸೌಲಭ್ಯ ಬಂದದ್ದು ಮಹಾಮಾರಿಯಿಂದ ಉಳಿದ ಒಳ್ಳೆಯ ಫಲಗಳಲ್ಲಿ ಒಂದು. ಹೃದ್ರೋಗಿಯ ಮಾಮೂಲಿ ಭೇಟಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಬಿಪಿ ಎಷ್ಟಿದೆ, ತೂಕ ಎಷ್ಟಿದೆ, ಕಾಲು ಬಾತಿದೆಯೇ, ಮಾತ್ರೆ ತಪ್ಪಿದೆಯೇ ಎಂದು ಕೇಳಿ ಮುಗಿಯುವಂಥವು. ಅದಕ್ಕಾಗಿ ಒಬ್ಬರು ಕೂಲಿ ಕಳೆದುಕೊಂಡು, ಇನ್ನೊಬ್ಬರು ಜೊತೆಗೆ ಬಂದು, ಬಸ್ಸಿನಲ್ಲಿ ದಿನವಿಡೀ ಕಳೆಯುವುದು ಬೇಕಿಲ್ಲ. ಆದರೆ ಫೋನಿಗೆ ಕೇಳಿಸದ ಸಂಗತಿಗಳೂ ಇವೆ. ಅದನ್ನು ನನಗೆ ಕಲಿಸಿದವರು ಮಾನ್ವಿ ತಾಲ್ಲೂಕಿನ ಒಬ್ಬ ರೈತ.

ಅವರ ಹೆಂಡತಿಗೆ ಬಾಲ್ಯದ ಸಂಧಿವಾತ ಜ್ವರದಿಂದ ಹೃದಯದ ಕವಾಟ ಕೆಟ್ಟು, ಕೆಲವು ವರ್ಷಗಳ ಹಿಂದೆ ಲೋಹದ ಕವಾಟ ಹಾಕಿದ್ದರು. ಅಂಥವರು ಜೀವನಪೂರ್ತಿ ಅಸಿಟ್ರೋಮಿನಂಥ ರಕ್ತ ತೆಳುವಾಗಿಸುವ ಮಾತ್ರೆ ನುಂಗಬೇಕು, ತಿಂಗಳಿಗೊಮ್ಮೆಯಾದರೂ ಐಎನ್‌ಆರ್ ಎಂಬ ರಕ್ತಪರೀಕ್ಷೆ ಮಾಡಿಸಿ ಮಾತ್ರೆಯ ಪ್ರಮಾಣ ಹೊಂದಿಸಿಕೊಳ್ಳಬೇಕು. 2020ರ ಬೇಸಿಗೆಯಲ್ಲಿ ಬಸ್ಸಿಲ್ಲದೆ ಪರೀಕ್ಷೆ ನಿಂತಿತು, ಮಾತ್ರೆ ಬೇಗ ಮುಗಿಯದಿರಲೆಂದು ಅವರು ಅರ್ಧ ಮುರಿದು ನುಂಗತೊಡಗಿದರು. ಆಗಸ್ಟ್ ಹೊತ್ತಿಗೆ ಕೆಮ್ಮು, ಏದುಸಿರು. ಫೋನಿನಲ್ಲಿ ಲಕ್ಷಣ ಕೇಳಿದವರು ಕೊರೊನಾ ಇರಬೇಕೆಂದು ಮನೆಯಲ್ಲೇ ಪ್ರತ್ಯೇಕವಾಗಿರಲು ಹೇಳಿದರು. ಆ ದಿನಗಳಲ್ಲಿ ಯಾರೇ ಆದರೂ ಹಾಗೆಯೇ ಹೇಳುತ್ತಿದ್ದರು. ಎರಡನೆಯ ರಾತ್ರಿ ಗಂಡನಿಗೆ ಬೇರೊಂದು ಸಂಗತಿ ಹೊಳೆಯಿತು. ಲೋಹದ ಕವಾಟ ಮುಚ್ಚಿ ತೆರೆಯುವ ಸಣ್ಣ ಟಕ್ ಟಕ್ ಸದ್ದು ಪಕ್ಕದಲ್ಲಿ ಮಲಗಿದವರಿಗೆ ಕೇಳಿಸುತ್ತದೆ. ‘ಅಕಿ ಎದಿಯಾಗಿನ ಗಡಿಯಾರ ಸಪ್ಪಳ ಮಾಡವಲ್ದು ಸರ್’ ಎಂದು ಹೇಳುತ್ತಲೇ ಅವರು ಹೆಂಡತಿಯನ್ನು ಬಾಡಿಗೆ ಜೀಪಿನಲ್ಲಿ ಕರೆತಂದರು. ಎಕೋದಲ್ಲಿ ನೋಡಿದರೆ ಕವಾಟದ ಎರಡು ರೆಕ್ಕೆಗಳಲ್ಲಿ ಒಂದು ಹೆಪ್ಪಿನಡಿ ಸಿಕ್ಕಿ ಅಲುಗದೆ ನಿಂತಿತ್ತು. ಹೆಪ್ಪು ಕರಗಿಸುವ ಸ್ಟ್ರೆಪ್ಟೋಕೈನೇಸ್ ಔಷಧಿಯನ್ನು ನಿಧಾನವಾಗಿ ಹನಿಸಿದೆವು. ಮರುದಿನ ಬೆಳಿಗ್ಗೆ ಸ್ಟೆತಸ್ಕೋಪ್ ಇಡುವ ಮೊದಲೇ ಆ ರೈತ ‘ಬಂತ್ರಿ’ ಎಂದರು.

ಲೋಹದ ಕವಾಟವಿದ್ದವರು, ಸಂಧಿವಾತ ಜ್ವರಕ್ಕೆ 21 ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ತೆಗೆದುಕೊಳ್ಳುವ ಮಕ್ಕಳು, ಗರ್ಭಿಣಿಯಾಗಿರುವ ಹೃದ್ರೋಗಿಗಳು, ಇವರ ಪಟ್ಟಿ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇರಬೇಕೆಂದು ನಾನು ಅಂದಿನಿಂದ ಸಭೆಗಳಲ್ಲಿ ಹೇಳುತ್ತಲೇ ಬಂದಿದ್ದೇನೆ. ಮುಂದೆ ಯಾವ ಕಾರಣಕ್ಕೇ ಬಸ್ಸು ನಿಂತರೂ ಆಶಾ ಕಾರ್ಯಕರ್ತೆ ಇವರ ಮನೆಗಳಿಗೆ ಮೊದಲು ಹೋಗಬೇಕು. ಬೆರಳ ತುದಿಯ ಒಂದು ಹನಿ ರಕ್ತದಿಂದ ಐಎನ್‌ಆರ್ ಹೇಳುವ ಸಣ್ಣ ಯಂತ್ರಗಳಿವೆ, ತಾಲ್ಲೂಕಿಗೆ ಒಂದಿದ್ದರೂ ಕೆಲಸ ನಡೆಯುತ್ತದೆ. ಔಷಧಿಯನ್ನು ಮನೆಗೇ ಒಯ್ಯುವುದು ಆಗದ ಮಾತೂ ಅಲ್ಲ: ತಮಿಳುನಾಡು 2021ರ ಆಗಸ್ಟ್‌ನಲ್ಲಿ, ಮಹಾಮಾರಿಯ ನಡುವೆಯೇ, ಬಿಪಿ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಮನೆಬಾಗಿಲಿಗೆ ಮುಟ್ಟಿಸುವ ಯೋಜನೆ ಆರಂಭಿಸಿತು.

ನಿಮ್ಮ ತಂದೆಯವರ ವಿಷಯದಲ್ಲಿ ನಾನು ಮೊದಲು ಕೇಳುವುದು, ಅವರು ಈಗ ಯಾವ ಮಾತ್ರೆಗಳನ್ನು ನುಂಗುತ್ತಿದ್ದಾರೆಂದು. ಪಂಪಿಂಗ್ ಇಳಿದವರಿಗೆ ನಾಲ್ಕು ಬಗೆಯ ಔಷಧಿಗಳು ಆಯುಷ್ಯ ಹೆಚ್ಚಿಸುತ್ತವೆಂಬುದು ಸಿದ್ಧವಾಗಿದೆ: ರಾಮಿಪ್ರಿಲ್ ಅಥವಾ ಸಾಕುಬಿಟ್ರಿಲ್-ವಾಲ್ಸಾರ್ಟನ್ ಜಾತಿಯದು, ಮೆಟೊಪ್ರೊಲಾಲ್ ಸಕ್ಸಿನೇಟ್ ಅಥವಾ ಕಾರ್ವೆಡಿಲಾಲ್‌ನಂಥದು, ಸ್ಪೈರೊನೊಲ್ಯಾಕ್ಟೋನ್ ಬಗೆಯದು, ಮತ್ತು ಮೊದಲು ಸಕ್ಕರೆ ಕಾಯಿಲೆಗೆಂದೇ ಬಂದ ಡಾಪಾಗ್ಲಿಫ್ಲೋಜಿನ್. ಕೊನೆಯದರ ಪೇಟೆಂಟ್ ಭಾರತದಲ್ಲಿ 2020ರ ಅಕ್ಟೋಬರ್‌ನಲ್ಲಿ ಮುಗಿದು ಬೆಲೆ ಬಹಳ ಇಳಿದಿದೆ. ನಾಲ್ಕೂ ಬಗೆ ಅವರಿಗೆ ಹೊಂದುತ್ತವೆಯೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಮೂತ್ರಪಿಂಡ ಮತ್ತು ಪೊಟ್ಯಾಸಿಯಂ ಪರೀಕ್ಷೆ ನೋಡಿಯೇ ಅವರು ಹೇಳಬೇಕು. ಸರಿಯಾದ ಔಷಧಿ ಮೂರು ತಿಂಗಳು ನುಂಗಿದ ಮೇಲೂ ಪಂಪಿಂಗ್ ಶೇ 35 ಅಥವಾ ಅದಕ್ಕಿಂತ ಕೆಳಗೇ ಇದ್ದರೆ, ಹೃದಯದ ಲಯ ಹಠಾತ್ತನೆ ಕೆಟ್ಟಾಗ ಒಳಗಿನಿಂದಲೇ ಷಾಕ್ ಕೊಟ್ಟು ಉಳಿಸುವ ಐಸಿಡಿ ಎಂಬ ಸಾಧನದ ಬಗ್ಗೆಯೂ ಮಾತನಾಡಬೇಕಾಗುತ್ತದೆ. ಈ ಮಾತು ಫೋನಿನಲ್ಲಿ ಆಗುವಂಥದ್ದಲ್ಲ, ಹೊಸ ಎಕೋ ಮಾಡಿಸಿ ಎದುರು ಕುಳಿತು ಆಡಬೇಕಾದದ್ದು.

ಕೊರೊನಾ ವೈರಸ್ ಜೀವಕೋಶ ಹೊಗುವ ಬಾಗಿಲಿಗೂ ರಾಮಿಪ್ರಿಲ್ ಜಾತಿಯ ಮಾತ್ರೆಗಳಿಗೂ ನಂಟಿದೆಯೆಂಬ ಸುದ್ದಿ 2020ರಲ್ಲಿ ಹರಡಿ, ಅನೇಕರು ತಾವಾಗಿಯೇ ಆ ಮಾತ್ರೆ ನಿಲ್ಲಿಸಿದರು. ಬ್ರೆಜಿಲ್ ದೇಶದಲ್ಲಿ 659 ರೋಗಿಗಳ ಮೇಲೆ ಪರೀಕ್ಷಿಸಿ ನೋಡಿದಾಗ ನಿಲ್ಲಿಸಿದ್ದರಿಂದ ಯಾವ ಲಾಭವೂ ಕಾಣಲಿಲ್ಲ. ನಿಮ್ಮ ಮನೆಯಲ್ಲೂ ಅಂದು ನಿಲ್ಲಿಸಿದ್ದು ಹಾಗೆಯೇ ಉಳಿದಿದ್ದರೆ ಕೇಳಿ ಸರಿಪಡಿಸಿಕೊಳ್ಳಿ.

ಮನೆಯಲ್ಲಿ ನೀವು ಮಾಡಬೇಕಾದದ್ದು ದಿನವೂ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮೊದಲು, ಒಂದೇ ತಕ್ಕಡಿಯಲ್ಲಿ ಅವರ ತೂಕ ನೋಡಿ ಬರೆದಿಡುವುದು. ಮೂರು ದಿನಗಳಲ್ಲಿ ಎರಡು ಕಿಲೋ ಏರಿದರೆ ಅದು ಮೈಯಲ್ಲಿ ತುಂಬುತ್ತಿರುವ ನೀರು, ಏದುಸಿರು ಬರುವ ತನಕ ಕಾಯದೆ ಫೋನ್ ಮಾಡಬೇಕು. 2021ರಲ್ಲಿ ಮನೆಮನೆಗೂ ಬಂದು ಈಗ ಬ್ಯಾಟರಿ ಸತ್ತು ಗೂಡಿನಲ್ಲಿ ಬಿದ್ದಿರುವ, ಆಮ್ಲಜನಕ ಅಳೆಯುವ ಬೆರಳಿನ ಕ್ಲಿಪ್ಪಿಗಿಂತ ಈ ಕೆಲಸಕ್ಕೆ ತಕ್ಕಡಿಯೇ ಮೇಲು. ನಮ್ಮ ಸೀಮೆಯ ಬೇಸಿಗೆಯ ಬಗ್ಗೆಯೂ ಒಂದು ಮಾತು: ಬಿಸಿಲು 42 ಡಿಗ್ರಿ ದಾಟುವ ದಿನಗಳಲ್ಲಿ ನೀರು ಇಳಿಸುವ ಮಾತ್ರೆ ನುಂಗುವವರಿಗೆ ಮೈಯಲ್ಲಿ ನೀರು ಕಡಿಮೆಯಾಗಿ ಬಿಪಿ ಕುಸಿದು ತಲೆಸುತ್ತು ಬರಬಹುದು. ಆಗ ಪ್ರಮಾಣ ಬದಲಿಸಬೇಕಾಗುತ್ತದೆ, ಕೇಳಿಯೇ ಬದಲಿಸಿ. ಉಪ್ಪಿನಕಾಯಿ, ಹಪ್ಪಳ, ಸಂಜೆಯ ಮಿರ್ಚಿ ಬಜ್ಜಿಗಳ ಬಗ್ಗೆ ನಿಮ್ಮ ವೈದ್ಯರು ಹೇಳಿಯೇ ಇರುತ್ತಾರೆ, ನಾನು ಮತ್ತೆ ಹೇಳಿ ಬೇಸರಪಡಿಸುವುದಿಲ್ಲ.

ನಿಮ್ಮ ತಮ್ಮನ ಹೆದರಿಕೆಯಲ್ಲಿ ಎರಡು ಸಂಗತಿಗಳು ಕಲಸಿವೆ, ಒಂದು ಕಾಯಿಲೆ, ಇನ್ನೊಂದು ಲಸಿಕೆ. ಕಾಯಿಲೆ ಹೃದಯಕ್ಕೆ ಹಾನಿ ಮಾಡಬಲ್ಲದೆಂಬುದು ನಿಜ. ಅಮೆರಿಕದ ಮಾಜಿ ಸೈನಿಕರಲ್ಲಿ ಕೊರೊನಾ ಬಂದು ಉಳಿದ 1,53,760 ಜನರನ್ನು ಒಂದು ವರ್ಷ ಗಮನಿಸಿದ ಅಧ್ಯಯನ 2022ರಲ್ಲಿ ಬಂತು; ರೋಗ ಬಾರದವರಿಗೆ ಹೋಲಿಸಿದರೆ ಅವರಲ್ಲಿ ಹೃದಯಾಘಾತದ ಅಪಾಯ ಶೇ 63ರಷ್ಟು, ಹೃದಯ ವೈಫಲ್ಯದ ಅಪಾಯ ಶೇ 72ರಷ್ಟು ಹೆಚ್ಚಿತ್ತು. ಅವರಲ್ಲಿ ಬಹುತೇಕರು ವಯಸ್ಸಾದ ಗಂಡಸರೆಂಬುದನ್ನೂ, ಈ ಶೇಕಡಾವಾರು ಏರಿಕೆ 31 ವರ್ಷದವನ ಸಣ್ಣ ಅಪಾಯದ ಮೇಲೆ ಕೂಡಿದರೆ ಸಣ್ಣದಾಗಿಯೇ ಉಳಿಯುತ್ತದೆಂಬುದನ್ನೂ ನೆನಪಿಡಬೇಕು. ಲಸಿಕೆಯ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 18ರಿಂದ 45 ವರ್ಷದವರ 729 ಹಠಾತ್ ಸಾವುಗಳನ್ನು 2,916 ಜನರೊಂದಿಗೆ ಹೋಲಿಸಿ 2023ರಲ್ಲಿ ವರದಿ ಪ್ರಕಟಿಸಿತು. ಲಸಿಕೆ ಆ ಅಪಾಯವನ್ನು ಹೆಚ್ಚಿಸಿರಲಿಲ್ಲ, ಎರಡು ಡೋಸ್ ಪಡೆದವರಲ್ಲಿ ಅಪಾಯ ಕಡಿಮೆಯೇ ಇತ್ತು. ಹೆಚ್ಚಿಸಿದ್ದು ಕೊರೊನಾದಿಂದ ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಹಠಾತ್ ಸಾವು ನಡೆದಿದ್ದುದು, ಸಾವಿಗೆ 48 ತಾಸು ಮೊದಲಿನೊಳಗೆ ಮಿತಿಮೀರಿ ಕುಡಿದದ್ದು ಅಥವಾ ವಿಪರೀತ ದೈಹಿಕ ಶ್ರಮ ಮಾಡಿದ್ದು. ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದ್ದ ಸಮಯದಲ್ಲಿ, 2025ರ ಜುಲೈನಲ್ಲಿ, ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿ ರಾಜ್ಯ ಸರ್ಕಾರಕ್ಕೆ ಕೊಟ್ಟ ವರದಿಯೂ ಲಸಿಕೆಗೂ ಚಿಕ್ಕ ವಯಸ್ಸಿನ ಹೃದಯಾಘಾತಕ್ಕೂ ನಂಟು ಕಾಣಲಿಲ್ಲವೆಂದೇ ಹೇಳಿತು. ಲಸಿಕೆಗಳಿಗೆ ಅಡ್ಡಪರಿಣಾಮವೇ ಇಲ್ಲವೆಂದಲ್ಲ. ಕೋವಿಶೀಲ್ಡ್‌ನಿಂದ ಬಹಳ ಅಪರೂಪವಾಗಿ ರಕ್ತ ಹೆಪ್ಪುಗಟ್ಟುವ ತೊಂದರೆ ಬರುತ್ತಿತ್ತು, ಆದರೆ ಅದು ಲಸಿಕೆ ಪಡೆದ ಕೆಲವೇ ವಾರಗಳಲ್ಲಿ ಕಾಣಿಸಿಕೊಳ್ಳುತ್ತಿತ್ತು, ವರ್ಷಗಳ ನಂತರ ಅಲ್ಲ.

ತಮ್ಮನಿಗೆ ಒಂದು ಇಸಿಜಿ, ಒಂದು ಎಕೋ, ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ಮತ್ತು ಕೊಲೆಸ್ಟ್ರಾಲ್ ಪರೀಕ್ಷೆ ಸಾಕು. ತಂದೆಗೆ 55 ವರ್ಷ ತುಂಬುವ ಮೊದಲೇ ಹೃದಯಾಘಾತವಾಗಿರುವುದು ಅವನ ಪಾಲಿಗೆ ಕೊರೊನಾಕ್ಕಿಂತ ದೊಡ್ಡ ಅಪಾಯ, ಗುಟ್ಕಾ ಅಥವಾ ಬೀಡಿಯ ಚಟವಿದ್ದರೆ ಅದು ಇನ್ನೂ ದೊಡ್ಡದು. ಎದೆ ಡವಡವ ಎನ್ನುವಾಗ ಕಣ್ಣು ಕತ್ತಲೆ ಬಂದು ಬಿದ್ದರೆ ಮಾತ್ರ ತಡಮಾಡದೆ ಕರೆತನ್ನಿ.

ಲಸಿಕೆಯ ಮಾತು ಬಂದಿದ್ದರಿಂದ ನಿಮ್ಮ ತಂದೆಯವರಿಗೆ ಬೇಕಾದ ಇನ್ನೊಂದನ್ನು ಹೇಳಿಬಿಡುತ್ತೇನೆ. ಫ್ಲೂ ಜ್ವರ ಖಚಿತವಾದ ಮೊದಲ ಏಳು ದಿನಗಳಲ್ಲಿ ಹೃದಯಾಘಾತದ ಸಂಭವ ಸುಮಾರು ಆರು ಪಟ್ಟು ಏರುತ್ತದೆಂದು ಕೆನಡಾದ ಸಂಶೋಧಕರು 2018ರಲ್ಲಿ ತೋರಿಸಿದ್ದಾರೆ. ಹೃದಯಾಘಾತವಾದವರಿಗೆ ಆಸ್ಪತ್ರೆಯಲ್ಲೇ ಫ್ಲೂ ಲಸಿಕೆ ಹಾಕಿದರೆ ಮುಂದಿನ ಒಂದು ವರ್ಷದ ಸಾವುಗಳು ಕಡಿಮೆಯಾಗುತ್ತವೆಂದು 2021ರ ಇನ್ನೊಂದು ಅಧ್ಯಯನ ತೋರಿಸಿತು. ವರ್ಷಕ್ಕೊಂದು ಫ್ಲೂ ಲಸಿಕೆ ಅವರ ಹೃದಯದ ಔಷಧಿಗಳಲ್ಲಿ ಒಂದಾಗಲಿ.

ಇನ್ನು ಊರು ಬಿಡುವ ಪ್ರಶ್ನೆ. 2021ರ ಎರಡನೆಯ ಅಲೆಯಲ್ಲಿ ದೇಶವೆಲ್ಲ ಆಮ್ಲಜನಕಕ್ಕೆ ಪರದಾಡುತ್ತಿದ್ದಾಗ, ತೋರಣಗಲ್ಲಿನ ಜಿಂದಾಲ್ ಉಕ್ಕು ಕಾರ್ಖಾನೆಯ ಪಕ್ಕದಲ್ಲೇ 1,000 ಹಾಸಿಗೆಗಳ ತಾತ್ಕಾಲಿಕ ಆಸ್ಪತ್ರೆ ಕಟ್ಟಿ, ಕಾರ್ಖಾನೆಯ ಆಮ್ಲಜನಕವನ್ನು ಪೈಪಿನಲ್ಲೇ ಹರಿಸಿದರು. ಔಷಧಿ ಇದ್ದಲ್ಲಿಗೆ ರೋಗಿಯನ್ನು ತರುವ ಉಪಾಯ ಅದು, ಆ ರೋಗಕ್ಕೆ ಅದು ಸರಿಯಾಗಿತ್ತು, ಏಕೆಂದರೆ ಅಲ್ಲಿ ದಿನಗಳ ಅವಕಾಶವಿತ್ತು. ಹೃದಯಾಘಾತದಲ್ಲಿರುವುದು ತಾಸುಗಳ ಲೆಕ್ಕ. ಕಲಬುರಗಿಯಲ್ಲಿ ಜಯದೇವ ಸಂಸ್ಥೆಯ 371 ಹಾಸಿಗೆಗಳ ಹೊಸ ಆಸ್ಪತ್ರೆ 2024ರ ಡಿಸೆಂಬರ್‌ನಲ್ಲಿ ಆರಂಭವಾದದ್ದು ನಮ್ಮ ಭಾಗಕ್ಕೆ ದೊಡ್ಡ ಬಲ. ರಾಯಚೂರಿಗೆ ಏಮ್ಸ್ ಬೇಕೆಂದು 2022ರಿಂದ ಹೋರಾಡುತ್ತಿರುವವರ ಬೇಡಿಕೆಯನ್ನೂ ನಾನು ಬೆಂಬಲಿಸುತ್ತೇನೆ. ಆದರೆ ಅವೆರಡೂ ಪೂರ್ತಿ ಸಜ್ಜಾಗಿದ್ದರೂ ನಿಮ್ಮ ತಂದೆಯವರ ಮೊದಲ ತಾಸು ಕಾರಟಗಿ, ಗಂಗಾವತಿಗಳ ನಡುವೆಯೇ ಕಳೆಯುತ್ತದೆ. ಹೈದರಾಬಾದಿನಲ್ಲಿ ಬಾಡಿಗೆ ಮನೆಯಲ್ಲಿದ್ದು, ನಡುರಾತ್ರಿ ಎದೆನೋವನ್ನು ಗ್ಯಾಸ್ ಎಂದು ಬಗೆದರೆ ಅಲ್ಲಿಯೂ 14 ತಾಸು ಕಳೆದೀತು. ಗದ್ದೆ ಮಾರಿ ಹೋಗುವಂಥದ್ದೇನೂ ಇಲ್ಲ.

ಮತ್ತೊಂದು ಮಹಾಮಾರಿ ಬಂದರೆ ಆಸ್ಪತ್ರೆಗಳು ಹೃದಯದ ರೋಗಿಗಳಿಗೆ ಬೇರೆ ಬಾಗಿಲು, ಬೇರೆ ಸಿಬ್ಬಂದಿ ಇಡಬೇಕು, ಇಡೀ ಜಿಲ್ಲಾ ಆಸ್ಪತ್ರೆಯನ್ನು ಒಂದೇ ರೋಗಕ್ಕೆ ಬಿಟ್ಟುಕೊಡಬಾರದು ಎಂಬ ಮಾತು ನಮ್ಮ ನಡುವೆ ಈಗ ಒಪ್ಪಿತವಾಗಿದೆ. ಕಾಗದದ ಮೇಲಿನ ಆ ಒಪ್ಪಿಗೆ ಕಷ್ಟದ ದಿನ ನಿಲ್ಲುತ್ತದೆಯೇ ಎಂಬುದು, ಸಾಂಕ್ರಾಮಿಕವಿಲ್ಲದ ಈ ದಿನಗಳಲ್ಲಿ ತಾಲ್ಲೂಕು ಆಸ್ಪತ್ರೆಯ ನರ್ಸುಗಳಿಗೆ ಎಷ್ಟು ತರಬೇತಿ ಸಿಗುತ್ತದೆ ಎಂಬುದನ್ನು ಅವಲಂಬಿಸಿದೆ.

ನಿಮ್ಮ ಮನೆಯ ಮಟ್ಟಿಗೆ, ಹತ್ತಿರದ ಯಾವ ಆಸ್ಪತ್ರೆಯಲ್ಲಿ ರಾತ್ರಿಯೂ ಇಸಿಜಿ ತೆಗೆದು ಇಂಜೆಕ್ಷನ್ ಕೊಡುತ್ತಾರೆಂದು ಈ ವಾರವೇ ಹೋಗಿ ಕೇಳಿ ತಿಳಿದುಕೊಳ್ಳಿ. ಎದೆಯ ನಡುವೆ ಒತ್ತಿದಂಥ ನೋವು, ಬೆವರು, ಎಡತೋಳು ಅಥವಾ ದವಡೆಗೆ ಹರಿಯುವ ನೋವು ಹದಿನೈದು ನಿಮಿಷ ಮೀರಿದರೆ 108ಕ್ಕೆ ಕರೆ ಮಾಡಿ. ವೈದ್ಯರು ಫೋನಿನಲ್ಲಿ ಹೇಳಿದರೆ ಆಸ್ಪಿರಿನ್ ಮಾತ್ರೆ ಅಗಿಯಲಿ, ನಾಲಿಗೆಯಡಿ ಇಡುವ, ರಕ್ತನಾಳ ಹಿಗ್ಗಿಸುವ ಸಾರ್ಬಿಟ್ರೇಟ್ ಮಾತ್ರೆಯನ್ನು ಮಾತ್ರ ಬಿಪಿ ನೋಡದೆ ಕೊಡಬೇಡಿ, ಬಿಪಿ ಇಳಿದಿದ್ದರೆ ಅದು ಇನ್ನಷ್ಟು ಇಳಿಸುತ್ತದೆ. ಜೊತೆಗೆ ಅವರ ಬಿಡುಗಡೆ ಪತ್ರ, ಸ್ಟೆಂಟ್ ಕಾರ್ಡ್ ಮತ್ತು ಕೊನೆಯ ಇಸಿಜಿ ಇರಲಿ, ಏಕೆಂದರೆ ಹಳೆಯ ಗೆರೆಗಳ ಪಕ್ಕದಲ್ಲಿಟ್ಟು ನೋಡಿದರೆ ಹೊಸ ಆಘಾತವನ್ನು ಗುರುತಿಸುವುದು ಬಹಳ ಸುಲಭ. ಇಸಿಜಿಯ ಕಾಗದ ಶಾಖದಿಂದ ಅಚ್ಚಾಗುವಂಥದ್ದು, ನಮ್ಮ ಬಿಸಿಲಿಗೆ ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಒಂದೆರಡು ವರ್ಷಗಳಲ್ಲಿ ಗೆರೆಗಳೇ ಮಾಸಿಹೋಗುತ್ತವೆ. ಇವತ್ತೇ ಅದನ್ನು ಟೇಬಲ್ ಮೇಲೆ ಹರಡಿ, ಬೆರಳಿನ ನೆರಳು ಬೀಳದಂತೆ ಫೋಟೋ ತೆಗೆದು, ನಿಮ್ಮ ಫೋನಿನಲ್ಲೂ ತಮ್ಮನ ಫೋನಿನಲ್ಲೂ ಇಟ್ಟುಕೊಳ್ಳಿ.